ಕಾರು ಹತ್ತುವುದರೊಳಗೆ ಹೇಳಿ ಮುಗಿಸುವ ಮಾತು

೧
ಈ ಕಥೆಯನ್ನು ತೆಂಗಿನ ತೋಟದಿಂದ ಶುರು ಮಾಡಲೇ? ಗರಿಗಳ ಸಂದಿಯಿಂದ ಇಳಿಯುವ ಬೆಳಗಿನ ಬಿಸಿಲು ಅಂತೆಲ್ಲ ಎರಡು ಸಾಲು ಬರೆದೂ ಆಗಿತ್ತು. ಕಥೆಯೊಳಗಿಂದ ರಾಧಾಮಣಿ ಓದಿ ನಕ್ಕುಬಿಟ್ಟಳು.

"ತೋಟದ್ ಚೆಂದ ಆಮೇಲ್ ಬರ್ಕಳಿ. ನಾವು ಅಲ್ಲಿಗೆ ಯಾಕ್ ಹೋಗ್ತೀವಿ ಗೊತ್ತಾ? ಉಚ್ಚೆ ಹುಯ್ಯಕ್ಕೆ. ಒಬ್ಬ ಹೆಂಗಸ್ನ ಮರೆ ಮಾಡೋ ಅಷ್ಟು ದಪ್ಪದ ತೆಂಗಿನ ಮರ ಎಲ್ಲಾದ್ರೂ ಕಂಡಿದೀರೇನ್ರೀ?"

ಕಂಡಿಲ್ಲ. ಎರಡೂ ಸಾಲು ಹೊಡೆದುಹಾಕಿದೆ.

೨
ಹಾಗಾದರೆ ಹೀಗೆ. ಮಾಯಸಂದ್ರದ ಕಡೆಯ ಒಂದು ನಾರಿನ ಮಿಲ್ಲಿನಲ್ಲಿ ರಾಧಾಮಣಿ ಕೆಲಸ ಮಾಡುತ್ತಾಳೆ. ತೆಂಗಿನ ಸಿಪ್ಪೆ ಒಂದು ಕಡೆಯಿಂದ ಒಳಗೆ ಹೋಗುತ್ತದೆ, ನಾರು ಇನ್ನೊಂದು ಕಡೆಯಿಂದ ಹೊರಗೆ ಬರುತ್ತದೆ, ನಡುವಿನ ದೂಳು ಹೆಂಗಸರ ಎದೆಯೊಳಗೆ ಉಳಿಯುತ್ತದೆ. (ಈ ವಾಕ್ಯ ಬರೆದು ನನಗೇ ಖುಷಿಯಾಯಿತು. ಭಾಷಣದ ಚಟ. ದೂಳಿನ ಕಥೆ ಬೇರೆ, ಇದು ಕಕ್ಕಸಿನ ಕಥೆ.)

ಮಿಲ್ಲಿನಲ್ಲಿ ಹೆಂಗಸರಿಗೆ ಕಕ್ಕಸಿಲ್ಲ. ಆಫೀಸಿನ ಪಕ್ಕ ಟೈಲ್ಸ್ ಹಾಕಿದ್ದು ಒಂದಿದೆ, ಯಜಮಾನನಿಗೂ ಮ್ಯಾನೇಜರ್ ಚಿತ್ತೇಶನಿಗೂ. ಅದಕ್ಕೆ ಬೀಗ. ಹೆಂಗಸರು ಹಗಲೆಲ್ಲ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಜೊತೆಯಲ್ಲಿ ದುಡಿಯುವ ಹಿರಿಯಳು ರಾಮಕ್ಕ, ಉರಿಮೂತ್ರ ತಾಳಲಾರದೆ ಮೊನ್ನೆ ನಾರಿನ ರಾಶಿಯ ಮೇಲೆ ಕುಸಿದು ಕೂತಳು.

ಯಜಮಾನ ವಾರಕ್ಕೊಮ್ಮೆ ಬರುತ್ತಾನೆ. ಲೋಡು ನೋಡಿ, ಫೋನಿನಲ್ಲಿ ಮಾತಾಡುತ್ತಲೇ ಕಾರಿನ ಕಡೆ ನಡೆಯುತ್ತಾನೆ. ಅವನು ಕೈಗೆ ಸಿಗುವುದು ಆ ನಡಿಗೆಯಷ್ಟು ಹೊತ್ತು ಮಾತ್ರ. ಹೋದ ಸಲ ರಾಮಕ್ಕ ಅವನ ತಾಯಿಯ ಮಂಡಿನೋವು ವಿಚಾರಿಸಿ ಮುಗಿಸುವ ಹೊತ್ತಿಗೆ ಕಾರು ಗೇಟು ದಾಟಿತ್ತು.

೩
ಊಟದ ಹೊತ್ತು, ಹೆಂಗಸರೆಲ್ಲ ಒಟ್ಟಿಗೆ ಕೂತಿದ್ದರು. ಮಗಳು ಪ್ರಬಂಧ ಬರೆಸಿಕೊಳ್ಳುವ ಎ.ಐ. ರಾಧಾಮಣಿಯ ಫೋನಿನಲ್ಲಿತ್ತು. ಮೈಕ್ ಒತ್ತಿ, ಸೆರಗು ಸರಿಮಾಡಿಕೊಂಡು (ಹೌದು, ಸೆರಗು) ಹೇಳಿದಳು:

"ಮಾನ್ಯರೇ, ತಮ್ಮಲ್ಲಿ ಕೈಮುಗಿದು ಬೇಡಿಕೊಳ್ಳುವುದೇನೆಂದರೆ, ನಾವು ಬಡ ಕೂಲಿ ಹೆಂಗಸರು, ತಾವು ದೊಡ್ಡ ಮನಸ್ಸು ಮಾಡಿ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಂಡು, ನಮ್ಮ ಕಷ್ಟದ ಬಗ್ಗೆ ಯಜಮಾನರಿಗೆ ಹೇಳೋದಕ್ಕೆ ದಯಮಾಡಿ ನಾಲ್ಕು ಮಾತು ಬರೆದುಕೊಡಬೇಕು."

ಯಂತ್ರಕ್ಕೂ ಅರ್ಜಿ! ನಗಬೇಡಿ ಓದುಗರೇ. ತಾಲ್ಲೂಕು ಕಚೇರಿಯ ಮೆಟ್ಟಿಲಲ್ಲಿ, ರೇಷನ್ ಅಂಗಡಿಯ ಮುಂದೆ, ಆಸ್ಪತ್ರೆಯ ಕಿಟಕಿಯಲ್ಲಿ ಬಡವರಿಗೆ ನಾವು ಕಲಿಸಿರುವುದು ಇದೊಂದೇ ಭಾಷೆ. ಹುಕುಂ ಮಾಡುವವನ ವಾಕ್ಯ ಚಿಕ್ಕದು. ಬೇಡುವವಳದು ಉದ್ದ.

ಯಂತ್ರ ಕೊಟ್ಟದ್ದೂ ಅಂಥದ್ದೇ. 'ಪೂಜ್ಯ ಮಾಲೀಕರ ಪಾದಾರವಿಂದಗಳಿಗೆ' ಎಂದು ಶುರುವಾಗಿ ಒಂದು ಪುಟ.

"ನಿನಗಿಂತ ಜಾಸ್ತಿ ಬಗ್ತದಲ್ಲೇ ಇದು," ಅಂದಳು ರಾಮಕ್ಕ. "ಕಕ್ಕಸಿನ ಮಾತು ಎಲ್ಲೇ ಹೋಯ್ತು?"

"ನಾನೇ ಹೇಳ್ನಿಲ್ಲ ಕಣಕ್ಕ. ನಾಚ್ಕೆ ಆಯ್ತು."

"ಮಿಸಿನ್ ಮುಂದೆ ಎಂಥಾ ನಾಚ್ಕೆನೇ? ಬುಡು ಬುಡು, ಬಾಯ್ ಬುಟ್ಟು ಹೇಳು."

೪ (ಹರಿದು ಹಾಕಿದ್ದು)
ಇಲ್ಲಿ ನಾನು ಮೂಗು ತೂರಿಸಿದೆ. ಓದುಗರ ಬಳಗದಲ್ಲಿ ಕೂತು ಎದ್ದು, ಕರಪತ್ರ ಬರೆದು ಪಳಗಿದ ಕೈ. 'ಶತಮಾನಗಳ ಶೋಷಣೆಯ ಸಂಕೋಲೆಗಳನ್ನು ಕಿತ್ತೊಗೆದು ಇಂದು ನಾವು...'

"ನಿಮ್ ಮಾತು ಮುಗಿಯೋ ಹೊತ್ಗೆ ಯಜಮಾನ ತಿಪಟೂರು ಮುಟ್ಟಿರ್ತಾನೆ," ಅಂದಳು ರಾಧಾಮಣಿ. "ಸುಮ್ಕಿರಿ ಸ್ವಲ್ಪ."

ಹಾಳೆ ಹರಿದು ಹಾಕಿದೆ.

೫
ಅವಳು ಯೋಚನೆ ಮಾಡಿದಳು. ಯಾರು ಹೇಳುವುದು, ಯಾರಿಗೆ, ಏನು ಬೇಕು, ಎಷ್ಟು ಹೊತ್ತು, ಏನು ಬೇಡ. ಈ ಸಲ ಮೈಕ್ ಒತ್ತಿದಾಗ ಅವಳ ಕೈ ಸೆರಗಿಗೆ ಹೋಗಲಿಲ್ಲ.

"ನಾನು ನಾರಿನ ಮಿಲ್ಲಲ್ಲಿ ಕೆಲಸ ಮಾಡೋಳು. ಯಜಮಾನನ ಮುಖ ನೋಡಿ ಹೇಳೋ ಮಾತು ಬರಿ. ಹೆಂಗಸರಿಗೆ ಒಂದು ಕಕ್ಕಸು ಬೇಕು. ಬಾಗಿಲು, ಒಳಗಡೆ ಚಿಲಕ, ನೀರು. ಅವನು ಕಾರು ಹತ್ತೋದ್ರೊಳಗೆ ಮುಗೀಬೇಕು. ಬೇಡ್ಕೊಳ್ಳೋ ಮಾತು ಬ್ಯಾಡ, ಬೈಗಳಾನೂ ಬ್ಯಾಡ. ನಾವು ಆಡ್ದಂಗೇ ಇರ್ಲಿ."

'ಬರಿ' ಅಂದಳು! ಗಂಡನಿಗೆ, ಮ್ಯಾನೇಜರಿಗೆ, ಬಸ್ಸಿನ ಕಂಡಕ್ಟರಿಗೆ ಒಮ್ಮೆಯೂ ಹುಕುಂ ಮಾಡದ ಹೆಂಗಸು ಜೀವನದಲ್ಲಿ ಮೊದಲ ಸಲ ಒಬ್ಬರಿಗೆ, ಅಥವಾ ಒಂದಕ್ಕೆ, ಇಂಥದ್ದು ಮಾಡು ಅಂದಿದ್ದಳು. ಅದು ಮಾಡಿತು. ಮೂರೇ ಸಾಲು. ಕೊನೆಯಲ್ಲಿ 'ಧನ್ಯವಾದಗಳು'.

"ಕೊಡೋಕ್ ಮುಂಚೆ ಯಾಕೆ ಧನ್ಯವಾದ?" ಅಂದಳು ರಾಮಕ್ಕ. ಅದನ್ನೂ ತೆಗೆಸಿದಳು ರಾಧಾಮಣಿ.

ತೆಗೆದ ಮೇಲೆ ಯಂತ್ರ ಕೇಳಿತು: 'ಯಾವಾಗಿನೊಳಗೆ ಬೇಕು? ಆಗದಿದ್ದರೆ ನೀವೇನು ಮಾಡುವಿರಿ? ತಿಳಿಸಿದರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ.'

ಅರ್ಜಿಯಲ್ಲಿ ತಾರೀಕು ಇರುತ್ತದೆ, ಬರೆದ ದಿನದ್ದು. ಕೊಡಬೇಕಾದ ದಿನ ಬರೆದವರು ಯಾರು? ರಾಧಾಮಣಿಯ ಮನೆಯಲ್ಲಿ ಅವಳದೊಂದೇ ದುಡಿಮೆ. ದಿನ ಹೇಳಿದರೆ ಆ ದಿನ ಏನಾದರೂ ಮಾಡಲೇಬೇಕಾಗುತ್ತದೆ.

"ಸೋಮವಾರ ಅನ್ನೇ," ಅಂದಳು ರಾಮಕ್ಕ ನೆಲ ನೋಡುತ್ತ. "ಆಗ್ನಿಲ್ಲ ಅಂದ್ರೆ ಆಪೀಸ್ ಪಕ್ಕದ್ದು ಐತಲ್ಲ, ಅದ್ರ ಮುಂದೆ ಎಲ್ರೂ ಸಾಲಾಗ್ ನಿಂತ್ಕಳದು. ಕೆಲ್ಸದ್ ಹೊತ್ನಲ್ಲೇ."

ಮೊದಲು ಒಬ್ಬಳು ನಕ್ಕಳು. ಆಮೇಲೆ ಯಾರೂ ನಗಲಿಲ್ಲ.

೬
"ಯಜಮಾನ್ರೇ, ಹೆಂಗಸ್ರಿಗೆ ಕಕ್ಕಸು ಬೇಕು. ಬಾಗ್ಲು, ಒಳಗಡೆ ಚಿಲಕ, ನೀರು. ಸೋಮವಾರ ಕೆಲಸ ಶುರುವಾಗ್ಬೇಕು. ಆಗ್ನಿಲ್ಲ ಅಂದ್ರೆ ನಿಮ್ ಕಕ್ಕಸಿನ ಮುಂದೆ ಎಲ್ರೂ ಸಾಲು ನಿಂತ್ಕಂತೀವಿ."

ರಾಧಾಮಣಿ ಹೇಳಿ ಮುಗಿಸುವ ಹೊತ್ತಿಗೆ ಕಾರಿನ ಬಾಗಿಲ ಮೇಲೆ ಯಜಮಾನನ ಕೈ ನಿಂತಿತ್ತು. ಫೋನು ಕಿವಿಯಿಂದ ಕೆಳಗಿಳಿಯಿತು.

"ಯಾರಮ್ಮ ನಿಂಗೆ ಇದನ್ನ ಹೇಳ್ಕೊಟ್ಟೋರು?"

"ನಾನೇ ಹೇಳ್ಕೊಟ್ಟೆ ಸಾರ್. ಅದು ಬರ್ಕೊಡ್ತು."

"ಆಯ್ತು, ನೋಡಾಣ."

"ನೋಡಾಣ ಅಲ್ಲ ಸಾರ್. ಸೋಮವಾರ."

(ನಾನು ಬರೆದ ಯಾವ ಕರಪತ್ರದಲ್ಲೂ ಇಷ್ಟು ಚಿಕ್ಕ, ಇಷ್ಟು ದೊಡ್ಡ ವಾಕ್ಯವಿಲ್ಲ. ಒಂದು ಪದ ತೆಗೆಯಲು ನೋಡಿದೆ, ಆಗಲಿಲ್ಲ. ಯಂತ್ರಕ್ಕೂ ಅದರ ಪಾಲಿನ ಹೆಸರು ಸಲ್ಲಲಿ, ಬರೆದದ್ದಕ್ಕಲ್ಲ, ಯಾವಾಗ ಅಂತ ಕೇಳಿದ್ದಕ್ಕೆ. ನಮ್ಮನ್ನು ಅಷ್ಟು ನೆಟ್ಟಗೆ ಕೇಳಿದವರು ಕಡಿಮೆ.)

೭
ಈಗ ಮುಕ್ತಾಯ. ಆರಿಸಿಕೊಳ್ಳಿ.

ಅ) ಯಜಮಾನನ ಮನಸ್ಸು ಕರಗಿತು. (ಸಿನಿಮಾ.)

ಆ) ರಾಧಾಮಣಿಯ ಕೆಲಸ ಹೋಯಿತು. (ನನಗೆ ಇದು ಇಷ್ಟ. ಸಭೆಯಲ್ಲಿ ಓದಿದರೆ ಚಪ್ಪಾಳೆ ಬೀಳುತ್ತದೆ.)

"ನಿಮ್ ಚಪ್ಪಾಳೆಗೆ ನನ್ ಕೆಲ್ಸ ಕಳೀತೀರೇನ್ರೀ?" ರಾಧಾಮಣಿ ಸಿಟ್ಟಾದಳು. "ಎರಡೂ ಹೊಡ್ದಾಕ್ರಿ. ಸೋಮವಾರ ಏನ್ ನಡೀತೋ ಅಷ್ಟು ಬರೀರಿ."

ಹೊಡೆದುಹಾಕಿದೆ. ನಡೆದದ್ದು ಇಷ್ಟು: ಸೋಮವಾರ ಇಟ್ಟಿಗೆ ಬರಲಿಲ್ಲ, ಗಾರೆ ಕೆಲಸದವರೂ ಬರಲಿಲ್ಲ. ಮೆಷಿನ್ ಶುರುವಾಗುವ ಹೊತ್ತಿಗೆ ಹೆಂಗಸರು ಬೀಗದ ಮುಂದೆ ಸಾಲಾಗಿ ನಿಂತಿದ್ದರು. ಮುಂದೆ ರಾಮಕ್ಕ, ಬೆನ್ನಿಗೆ ರಾಧಾಮಣಿ. ಅವತ್ತು ಎಲ್ಲರೂ ಮನೆಯಿಂದಲೇ ಹೊಟ್ಟೆ ತುಂಬ ನೀರು ಕುಡಿದು ಬಂದಿದ್ದರು. ಚಿತ್ತೇಶ ಆಫೀಸಿನಿಂದ ಇಳಿದು ಅವರ ಕಡೆ ನಡೆದ. ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಹಾಜರಿ ಪುಸ್ತಕ.

ಬೀಗವನ್ನೋ ಪುಸ್ತಕವನ್ನೋ, ಯಾವುದನ್ನು ಮೊದಲು ತೆರೆದ ಅಂತ ಕೇಳುತ್ತೀರಿ. ಹೇಳುವುದಿಲ್ಲ. ಸಾಲು ಕದಲಲಿಲ್ಲ.