ಯಾತ್ರೆ ಬಸ್ಸಿನ ಅಡುಗೆಯವನು

ಶಹಾಪುರದಿಂದ ವರ್ಷಕ್ಕೊಂದು ಸಲ ಯಾತ್ರೆಯ ಬಸ್ಸು ಹೊರಡುತ್ತದೆ. ಕಾಶಿ, ಪುರಿ, ರಾಮೇಶ್ವರ ಅಂತ ದೇಶವನ್ನೇ ಒಂದು ಸುತ್ತು ಹಾಕಿ ಬರುತ್ತದೆ. ನಮ್ಮ ಮಂದಿ ವಿಶ್ವನಾಥನ ಮುಂದೆ ನಿಂತರೂ ಅವರ ಹೊಟ್ಟೆ ಕೇಳುವುದು ಜೋಳದ ರೊಟ್ಟಿ, ಪುಂಡಿಪಲ್ಲೆಯನ್ನೇ. ಹಾಗಾಗಿ ಜೊತೆಗೆ ಅಡುಗೆಯವನೂ ಹೋಗಬೇಕು. ಅವನೇ ದೋರನಹಳ್ಳಿಯ ಲಿಂಗಣ್ಣ.

ಇಷ್ಟೆಲ್ಲ ತಿರುಗಿದ ಲಿಂಗಣ್ಣ ನೋಡಿದ್ದೇನು ಅಂತೀರಿ? ಬಸ್ಸು ನಿಲ್ಲಿಸುವ ಬಯಲು! ಮಂದಿ ಸ್ನಾನ, ದರ್ಶನ ಅಂತ ಹೋದ ಮೇಲೆ ಇವನು ಒಲೆ ಹೊತ್ತಿಸಿ, ಉಳ್ಳಾಗಡ್ಡಿ ಹೆಚ್ಚಿ, ಅವರ ಗಂಟುಮೂಟೆ ಕಾಯುತ್ತ ಕೂರುತ್ತಿದ್ದ. ಡ್ರೈವರ್ ಬಸ್ಸಿನೊಳಗೆ ಗೊರಕೆ ಹೊಡೆಯುತ್ತಿದ್ದ. ಮಾತಾಡಿಸುವ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಬೇಸರ ತಡೆಯದೆ ಕುದಿಯುವ ಬ್ಯಾಳಿಗೇ "ಬೇಯ್ ನಮ್ಮವ್ವ, ಲಗೂನ ಬೇಯ್" ಅನ್ನುತ್ತಿದ್ದ.

ಊರಿಗೆ ಬಂದರೆ ಹೆಂಡತಿ ದೇವಕ್ಕ ಕಾಲಿಗೆ ನೀರು ಕೊಡುವ ಮೊದಲೇ ಕೇಳುವಳು: "ಏನೇನ್ ನೋಡಿ ಬಂದ್ರಿ?" ಅವಳ ಹಿಗ್ಗು ನೋಡಿದ ಮೇಲೆ ಬಯಲು ನೋಡಿ ಬಂದೆ ಅನ್ನಲು ನಾಲಿಗೆ ಏಳುತ್ತದೆಯೇ? ಬಸ್ಸಿನ ಮಂದಿ ಊಟಕ್ಕೆ ಕೂತಾಗ ಆಡಿದ್ದನ್ನೆಲ್ಲ ತಾನೇ ಕಂಡಂತೆ ಮಾಡಿ ಹೇಳಿದ. ಸುಳ್ಳು ಹೇಳಿದರೂ ನಿಜದ ತಲೆ ಮೇಲೆ ಹೊಡೆದಂತೆ ಹೇಳಬೇಕಲ್ಲ! ದೇವಕ್ಕ ಅದನ್ನು ಓಣಿಗೆಲ್ಲ ಹಂಚಿದಳು. "ನಮ್ಮನಿಯವ್ರು ನೋಡದ ದೇವ್ರ ಇಲ್ಲ" ಅಂದಳು.

ಈ ವರ್ಷ ಸುರಪುರದವರೊಬ್ಬರು ಕೊನೇ ಗಳಿಗೆಯಲ್ಲಿ ಬರುವುದಿಲ್ಲ ಅಂದರು. ಸೀಟು ಖಾಲಿ ಉಳಿಯಿತು. ಬಸ್ಸಿನ ಮಾಲೀಕ "ಹೆಂಡ್ತಿನ ಕರ್ಕೊಂಡು ಬಾರಪಾ" ಅಂದ. ಮಾಲೀಕನ ಮಾತಿಗೆ ಇಲ್ಲ ಅನ್ನಲಾರದೆ ಲಿಂಗಣ್ಣ ತಲೆಯಾಡಿಸಿದ. ಗುಟ್ಟು ರಟ್ಟಾದರೆ ಇವಳ ಮುಂದೆ ಮುಖ ಎತ್ತುವುದು ಹೇಗೆ?

ಕಾಶಿಯಲ್ಲಿ "ಬ್ಯಾಳಿ ತಳಾ ಹತ್ತತದ, ನೀ ಮಂದಿ ಜೋಡಿ ಹೋಗು" ಎಂದು ಹೇಗೋ ಪಾರಾದ. ಪುರಿಯಲ್ಲಿ ಆಗಲಿಲ್ಲ. ಮಂದಿಯೆಲ್ಲ ಹೋದರೂ ದೇವಕ್ಕ ಹೋಗದೆ ಒಲೆ ಆರಿಸಿಬಿಟ್ಟಳು.

"ಸಮುದ್ರ ನಿಮ್ಮ ಜೋಡಿನೇ ನೋಡಾಕಿ ನಾ. ತೆರಿ ಬಂದು ಕಾಲ ಕೆಳಗಿನ ಉಸುಕು ಎಳೀತದ ಅಂದಿದ್ರಲ್ಲ, ಅಲ್ಲಿಗೇ ನಡೀರಿ."

ಎದ್ದ, ಇನ್ನೇನು ಮಾಡಿಯಾನು! ಬಯಲಿನ ಅಂಚಿಗೆ ಬಂದರೆ ದಾರಿ ಎರಡಾಯಿತು. ಲಿಂಗಣ್ಣ ಅತ್ತ ನೋಡಿದ, ಇತ್ತ ನೋಡಿದ, ಸುಮ್ಮನೆ ಕೆಮ್ಮಿದ. ಕಡೆಗೆ ಬೇರೆ ದಾರಿ ಕಾಣದೆ ಎಳನೀರು ಮಾರುವವನ ಹತ್ತಿರ ಹೋಗಿ, ದನಿ ತಗ್ಗಿಸಿ, "ಸಮುಂದರ್ ಕಿಧರ್ ಭಾಯಿ?" ಎಂದು ಸಮುದ್ರದ ದಾರಿ ಕೇಳಿದ.

ದೇವಕ್ಕ ಹಿಂದೆಯೇ ನಿಂತಿದ್ದಳು.

"ನೀವ್ ಒಮ್ಮಿನೂ ನೋಡಿಲ್ಲೇನ್ರಿ?"

"ಇಲ್ಲ. ಕಾಶಿನೂ ಇಲ್ಲ, ರಾಮೇಶ್ವರನೂ ಇಲ್ಲ. ಒಲಿ ಮುಂದ ಕುಂತಿರ್ತಿದ್ದೆ."

ಬೈಗುಳಕ್ಕೆ ಅವನು ತಯಾರಾಗಿದ್ದ. ಸುಳ್ಳಬುರುಕ ಅಂದರೆ ಹೌದು ಅನ್ನಬೇಕು, ಓಣಿಯಲ್ಲಿ ಮಾನ ಕಳೆದಿರಿ ಅಂದರೆ ಅದಕ್ಕೂ ಹೌದು ಅನ್ನಬೇಕು ಅಂದುಕೊಂಡಿದ್ದ. ದೇವಕ್ಕ ಬೈಯಲಿಲ್ಲ.

"ಅಂದ್ರ, ನಾ ಊರಾಗ ಬಡಾಯಿ ಕೊಚ್ಚಿಕೋತ ತಿರಗೂವಾಗ, ನೀವಿಲ್ಲಿ ಒಬ್ಬರೇ ಕುಂತಿರ್ತಿದ್ರೇನ್ರಿ?"

ಇಷ್ಟು ವರ್ಷದಲ್ಲಿ ಲಿಂಗಣ್ಣನನ್ನು ಆ ಮಾತು ಕೇಳಿದವರೇ ಇರಲಿಲ್ಲ. ಅವನು ನಡುಬೀದಿಯಲ್ಲಿ, ಎಳನೀರಿನವನ ಎದುರಿಗೇ, ಗಳಗಳ ಅತ್ತುಬಿಟ್ಟ.