ಒಂದು ದಿನ ಎರವಲು ಹೋದ ಬಿಲ್ಲೆ

ನಾನು ಒಂದು ನಾಯಿಬಿಲ್ಲೆ. ಹಿತ್ತಾಳೆಯ ಮೈ, ಹಳೆಯ ಎಂಟಾಣೆ ನಾಣ್ಯಕ್ಕಿಂತ ತುಸು ಅಗಲ. ಒಂದು ಮುಖದಲ್ಲಿ ನಗರಪಾಲಿಕೆಯ ಮುದ್ರೆ, ಇನ್ನೊಂದರಲ್ಲಿ ೬೧೮ ಎಂಬ ನಂಬರು, ಅದರ ಕೆಳಗೆ ವರ್ಷ. ನೆತ್ತಿಯಲ್ಲೊಂದು ತೂತು. ನೋಡಿದವರು ಸರ್ಕಾರಿ ಗತ್ತು ಎಂದುಕೊಳ್ಳಬಹುದು. ಆದರೆ ನನ್ನಷ್ಟು ಪುಕ್ಕಲು ಸರ್ಕಾರಿ ನೌಕರ ಇನ್ನೊಬ್ಬನಿರಲಾರ.

ನನ್ನ ಹುಟ್ಟೇ ಏಟಿನಿಂದ ಆಯಿತು. ಹಿತ್ತಾಳೆ ತಗಡಿನ ಮೇಲೆ ಅಚ್ಚು ಧಡ್ಡೆಂದು ಬಿತ್ತು, ನಾನು ಕೆಳಗಿನ ಡಬ್ಬಿಗೆ ಬಿದ್ದೆ. ನನಗಿಂತ ಮೊದಲು ಬಿದ್ದ ಆರುನೂರ ಹದಿನೇಳು ಮಂದಿ ಅಣ್ಣಂದಿರು ಅಲ್ಲಿದ್ದರು. ಇನ್ನೂ ಬಿಸಿಯಾಗಿದ್ದಾಗಲೇ ನಮ್ಮನ್ನು ಚೀಲಕ್ಕೆ ತುಂಬಿ ನಗರಪಾಲಿಕೆಯ ಪಶುವೈದ್ಯ ವಿಭಾಗಕ್ಕೆ ಕಳಿಸಿದರು.

ಅಲ್ಲಿನ ಗುಮಾಸ್ತರು ಕಟ್ಟುನಿಟ್ಟಿನ ಮನುಷ್ಯರು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ಚೀಟಿ ತಂದವರಿಗೆ ಮಾತ್ರ ಬಿಲ್ಲೆ. ಕೊಡುವಾಗ ಪ್ರತಿಯೊಬ್ಬರಿಗೂ ಅದೇ ಪಾಠ ಒಪ್ಪಿಸುತ್ತಿದ್ದರು: ಇದು ನಾಯಿಗೆ ತೊಡಿಸುವ ಒಡವೆಯಲ್ಲ, ನಾಯಿ ಯಾರನ್ನಾದರೂ ಕಚ್ಚಿದರೆ ಮೊದಲು ಬಿಲ್ಲೆಯ ನಂಬರು ನೋಡುತ್ತಾರೆ, ಆ ನಂಬರಿನ ಮುಂದೆ ಯಾರ ಹೆಸರಿದೆಯೋ ಅವರೇ ಜವಾಬು ಹೇಳಬೇಕು. ಡ್ರಾಯರಿನಲ್ಲಿ ಮಲಗಿ ಇದನ್ನು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದ ನನಗೆ ಒಳಗೊಳಗೇ ನಡುಕ. ಯಾವುದೋ ಬಾಯಿಯ ಹಲ್ಲಿಗೆ ನಾನು ಸಾಕ್ಷಿಯಾಗಬೇಕಲ್ಲ ಎಂದು.

ನನ್ನನ್ನು ಒಯ್ದವರು ಕಾತ್ಯಾಯಿನಿ ಟೀಚರ್. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಹೊಲಿಗೆ ಕಲಿಸಿ ನಿವೃತ್ತರಾದವರು. ಪರವಾನಗಿಯ ಕಾಗದಕ್ಕೆ ಸಹಿ ಹಾಕುವಾಗ ಗುಮಾಸ್ತರು ಹಿಂಬದಿಯ ಷರತ್ತುಗಳನ್ನೂ ಓದಿ ಎಂದರು. ಟೀಚರ್ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರು. ಓದಿದವರಂತೆ ತಲೆಯಾಡಿಸಿ ಮುದ್ದಾದ ಅಕ್ಷರದಲ್ಲಿ ಸಹಿ ಹಾಕಿದರು.

ಅವರ ನಾಯಿಯ ಹೆಸರು ಶುಂಠಿ. ಶುಂಠಿಯ ಬಣ್ಣದ್ದೇ ಹೆಣ್ಣುನಾಯಿ, ಕುಕ್ಕರಿನ ಸೀಟಿಗೂ ಮಂಚದ ಕೆಳಗೆ ಓಡುವ ಜೀವ. ನಾನು ಅದರ ಗಂಟಲ ಮೇಲೆ ತೂಗುತ್ತಿದ್ದೆ. ಅಲ್ಲಿ ತೂಗುವವರಿಗೆ ಒಂದು ಗುಟ್ಟು ಗೊತ್ತಿರುತ್ತದೆ. ನಾಯಿಯ ಮನಸ್ಸಿನಲ್ಲಿರುವುದು ಬಾಯಿಗೆ ಬರುವ ಮೊದಲು ಗಂಟಲಿಗೆ ಬರುತ್ತದೆ. ಬೊಗಳುವ ಮುಂಚೆಯೇ ಅಲ್ಲಿ ಗುರುಗುಟ್ಟುತ್ತದೆ, ಹೆದರಿದರೆ ನರ ಪಟಪಟ ಬಡಿಯುತ್ತದೆ. ಹೆದರಿಕೆಯ ವಿಷಯದಲ್ಲಿ ನಮ್ಮಿಬ್ಬರದು ಒಳ್ಳೆಯ ಜೋಡಿಯಾಗಿತ್ತು. ಮೊದಲ ಕೆಲವು ತಿಂಗಳು ನನಗೆ ಕೆಲಸವೇ ಇರಲಿಲ್ಲ, ಶುಂಠಿ ಯಾರನ್ನೂ ಕಚ್ಚುವ ಪೈಕಿ ಅಲ್ಲವೆಂದು ನಿಧಾನವಾಗಿ ಧೈರ್ಯ ತಂದುಕೊಂಡಿದ್ದೆ.

ಟೀಚರ ಮನೆಯ ಹಿತ್ತಲಿಗೂ ಹಿಂದಿನ ಬೀದಿಯ ಇಂದ್ರಮ್ಮನ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಇಂದ್ರಮ್ಮನ ಗಂಡ ಲಾರಿ ಓಡಿಸುವವರು, ಮನೆಯಲ್ಲಿರುವುದಕ್ಕಿಂತ ಹೆದ್ದಾರಿಯಲ್ಲಿರುವುದೇ ಹೆಚ್ಚು. ಹನ್ನೆರಡು ವರ್ಷದಿಂದ ಆ ಗೋಡೆಯ ಮೇಲೆ ಏನೆಲ್ಲ ದಾಟಿಲ್ಲ! ಹಾಲಿಗೆ ಹೆಪ್ಪು, ಕಾಫಿಪುಡಿ, ಕರಿಬೇವು, ತುರಿಮಣೆ, ಒಮ್ಮೆ ಟೀಚರಿಗೆ ಜ್ವರ ಬಂದಾಗ ಎಂಟು ದಿನದ ಗಂಜಿ. ಕೇಳಿದ್ದಕ್ಕೆ ಇಲ್ಲ ಅನ್ನುವ ರೂಢಿ ಎರಡು ಕಡೆಯೂ ಇರಲಿಲ್ಲ. ಹೆಪ್ಪು ಕೇಳಿದವರಿಗೆ ಇಲ್ಲವೆಂದರೆ ಮನೆಯ ಹಾಲು ಒಡೆಯುತ್ತದೆ ಎಂದು ಟೀಚರೇ ಹೇಳುತ್ತಿದ್ದರು.

ಇಂದ್ರಮ್ಮನ ಮನೆಯಲ್ಲೂ ಒಂದು ನಾಯಿ ಇತ್ತು, ಟೈಗರ್. ಅದಕ್ಕೆ ಲಸಿಕೆಯೂ ಇಲ್ಲ, ಬಿಲ್ಲೆಯೂ ಇಲ್ಲ. ನಾಳೆ ಮಾಡಿಸಿದರಾಯಿತು ಎಂದು ಅವರು ಮೂರು ವರ್ಷದಿಂದ ಹೇಳುತ್ತಲೇ ಇದ್ದರು. ತಿಂಗಳ ಹಿಂದೆ ಅದು ಸರಪಳಿ ಕಿತ್ತುಕೊಂಡು ಹೋಗಿ ಬೀದಿನಾಯಿಯ ಜೊತೆ ಕಾದಾಡಿ ಕುತ್ತಿಗೆಗೆ ಗಾಯ ಮಾಡಿಕೊಂಡು ಬಂದಿತ್ತು. ಗಾಯಕ್ಕೆ ಅರಿಸಿನ ಮೆತ್ತಿ ಸುಮ್ಮನಾಗಿದ್ದರು.

ಆ ಸೋಮವಾರ ಬೆಳಿಗ್ಗೆ, ಬಿಲ್ಲೆಯಿಲ್ಲದ ನಾಯಿಗಳನ್ನು ಹಿಡಿದೊಯ್ಯುವ ನಗರಪಾಲಿಕೆಯ ಬಲೆಗಾಡಿ ನಮ್ಮ ಬೀದಿಗೆ ಬಂತು. ಇಬ್ಬರು ಮನೆಮನೆಯ ಗೇಟಿನಲ್ಲಿ ನಿಂತು ನಾಯಿಗಳ ಕುತ್ತಿಗೆ ನೋಡುತ್ತಿದ್ದರು. ಟೀಚರ್ ಶುಂಠಿಯನ್ನು ಎತ್ತಿಕೊಂಡು ನನ್ನನ್ನು ಹಿಡಿದು ತೋರಿಸಿದರು. ಅವರು ತಲೆಯಾಡಿಸಿ ಮುಂದೆ ಹೋದರು. ಹಿಂದಿನ ಬೀದಿಗೆ ತಿರುಗಲು ಅವರಿಗೆ ಕಾಲು ಗಂಟೆಯಾದರೂ ಬೇಕು. ಅಷ್ಟರಲ್ಲಿ ಗೋಡೆಯ ಆಚೆ ಇಂದ್ರಮ್ಮನ ಮುಖ ಕಾಣಿಸಿತು. ಬೆವರಿ ನೀರಾಗಿತ್ತು.

"ಟೀಚರಮ್ಮ, ಒಂದು ಗಳಿಗೆ ಶುಂಠಿದು ಬಿಲ್ಲೆ ಕೊಡಿ. ಟೈಗರ್‌ನ ಎತ್ಕೊಂಡು ಹೋಗ್ಬಿಡ್ತಾರೆ. ಅವ್ರು ಆ ಕಡೆ ತಿರುಗಿದ ತಕ್ಷಣ ಕೊಟ್ಬಿಡ್ತೀನಿ."

ಟೀಚರ ಕೈ ಒಂದು ಕ್ಷಣ ತಡೆಯಿತು, ನಾನು ಬಲ್ಲೆ. ಕೊಡಬೇಡಿ ಎಂದು ನಾನು ಕೂಗಿದೆ. ಹಿತ್ತಾಳೆಯ ಕೂಗು ಯಾರಿಗೆ ಕೇಳುತ್ತದೆ? ಹನ್ನೆರಡು ವರ್ಷದ ರೂಢಿ ಆ ಕೈಯನ್ನು ಗೋಡೆಯ ಮೇಲಕ್ಕೆ ಎತ್ತಿತು. ಹೆಪ್ಪಿನ ಬಟ್ಟಲು ದಾಟುವ ಜಾಗದಲ್ಲೇ ನಾನೂ ದಾಟಿದೆ.

ಟೈಗರ್‌ನ ಗಂಟಲ ಮೇಲೆ ಕೂತ ಕೂಡಲೇ ನನ್ನ ಜೀವ ಹಾರಿಹೋಯಿತು. ಆ ಗಂಟಲು ಕೆಂಡದಂತೆ ಸುಡುತ್ತಿತ್ತು. ಏನನ್ನೋ ನುಂಗಲು ಹೆಣಗುತ್ತಿತ್ತು, ನುಂಗಲಾಗದೆ ಬಿಗಿಯುತ್ತಿತ್ತು. ಒಳಗೆ ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ನಾಯಿಯದಲ್ಲದ ಏನೋ ಒಂದು ಅಲ್ಲಿ ಓಡಾಡುತ್ತಿತ್ತು. ಗೇಟಿನ ಆಚೆ ನಿಂತವರು ನನ್ನ ಹೊಳಪನ್ನು ದೂರದಿಂದ ನೋಡಿ, ಪುಸ್ತಕದಲ್ಲಿ ಗೀಟು ಹಾಕಿ ಹೊರಟುಹೋದರು.

ಆಮೇಲಾದರೂ ಇಂದ್ರಮ್ಮ ನನ್ನನ್ನು ಬಿಚ್ಚಬೇಕಿತ್ತು. ಒಲೆಯ ಮೇಲೆ ಸಾರಿತ್ತು, ಯಾರದೋ ಫೋನು ಬಂತು, ಗಂಡಾಂತರ ಕಳೆಯಿತೆಂಬ ನಿರಾಳದಲ್ಲಿ ಮರೆತರು. ಮಧ್ಯಾಹ್ನ ಹೂವಿನ ರಾಚಮ್ಮ ಬಂದಳು. ಬುಟ್ಟಿ ಸೊಂಟದಲ್ಲಿಟ್ಟುಕೊಂಡು ಹತ್ತಾರು ಬೀದಿ ಸುತ್ತುವ ಹೆಂಗಸು, ಟೈಗರ್‌ಗೂ ಪರಿಚಯದವಳು. ಗೇಟು ತೆರೆದು ಎರಡು ಹೆಜ್ಜೆ ಒಳಗಿಟ್ಟಳು. ನನ್ನ ಕೆಳಗಿನ ಗಂಟಲು ಗುರುಗುಟ್ಟಲೇ ಇಲ್ಲ. ಸದ್ದೇ ಇಲ್ಲದೆ ಟೈಗರ್ ನೆಗೆಯಿತು, ಸಡಿಲ ಸರಪಳಿ ಅದರ ಹಿಂದೆಯೇ ಬಂತು. ಮೀನಖಂಡಕ್ಕೆ ಹಲ್ಲು ಇಳಿದದ್ದು ನನಗೆ ಅಷ್ಟು ಹತ್ತಿರದಲ್ಲಿ ಕಾಣಿಸಿತು. ರಾಚಮ್ಮನ ರಕ್ತದ ಒಂದು ಹನಿ ನನ್ನ ಮೇಲೂ ಬಿತ್ತು.

ಕಿರುಚಾಟ ಕೇಳಿ ಇಂದ್ರಮ್ಮ ಓಡಿಬಂದು ನಾಯಿಯನ್ನು ಎಳೆದು ಕಟ್ಟಿದರು. ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ ರಾಚಮ್ಮ, ದೊಡ್ಡಾಸ್ಪತ್ರೆಗೆ ಹೋಗಬೇಕೇನೋ, ಸೂಜಿ ಚುಚ್ಚಿಸಬೇಕೇನೋ ಎಂದಳು. ಆಸ್ಪತ್ರೆ ಎಂದರೆ ಹೆಸರು ಬರೆಸಬೇಕು, ಯಾರ ನಾಯಿ ಎಂದು ಹೇಳಬೇಕು. ಇಂದ್ರಮ್ಮ ನಾಯಿಯ ಕಡೆ ತಿರುಗಿದರು. ಆಗ ಅವರ ಕಣ್ಣು ನನ್ನ ಮೇಲೆ ಬಿತ್ತು.

"ಹೆದ್ರಬೇಡ ರಾಚಮ್ಮ. ನೋಡು, ಬಿಲ್ಲೆ ಇದೆ. ಸೂಜಿ ಹಾಕ್ಸಿರೋ ನಾಯಿಗೇ ಇದನ್ನ ಕೊಡೋದು. ಏನೂ ಆಗಲ್ಲ."

ರಾಚಮ್ಮನಿಗೆ ಓದು ಬಾರದು. ಕೈ ಚಾಚಿ ನನ್ನನ್ನು ಹಿಡಿದು ಮುದ್ರೆಯ ಮೇಲೆ ಹೆಬ್ಬೆರಳಾಡಿಸಿದಳು. ನಾನು ಸುಳ್ಳು, ಓಡು, ಆಸ್ಪತ್ರೆಗೆ ಓಡು ಎಂದು ಬಡಿದುಕೊಂಡೆ. ಅವಳು ಮೂಗು ಒರೆಸಿಕೊಂಡಳು, ಗಾಯಕ್ಕೆ ಸುಣ್ಣ ಅರಿಸಿನ ಹಚ್ಚಿಸಿಕೊಂಡಳು, ಚೆಲ್ಲಿದ ಹೂ ಆರಿಸಿಕೊಂಡು ಕುಂಟುತ್ತ ಹೋದಳು. ಗುಮಾಸ್ತರ ಡ್ರಾಯರಿನಲ್ಲಿ ಕಲಿತ ನನ್ನ ಹೆದರಿಕೆಯೆಲ್ಲ ಆ ದಿನದ ಮುಂದೆ ಏನೂ ಅಲ್ಲ.

ಮಂಗಳವಾರ ಬೆಳಿಗ್ಗೆ ಇಂದ್ರಮ್ಮ ನನ್ನನ್ನು ತೊಳೆದು, ಕರಿಬೇವಿನ ಜೊತೆ ಕಾಗದದಲ್ಲಿ ಸುತ್ತಿ ಗೋಡೆಯ ಮೇಲಿಂದ ಕೊಟ್ಟರು. ಕಚ್ಚಿದ ವಿಷಯ ಎತ್ತಲಿಲ್ಲ. ನಾನು ಮತ್ತೆ ಶುಂಠಿಯ ಗಂಟಲಿಗೆ ಬಂದೆ. ಬುಧವಾರ ಟೈಗರ್ ಅನ್ನ ಮುಟ್ಟಲಿಲ್ಲವಂತೆ. ಗುರುವಾರ ಗೋಡೆಯಾಚೆಯಿಂದ ಅದರ ದನಿ ಕೇಳಿತು, ಒಡೆದ ಕೊಳವೆಯಲ್ಲಿ ಊದಿದ ಹಾಗೆ. ಶುಂಠಿ ಬಾಲ ಮುದುರಿಕೊಂಡು ಮಂಚದ ಕೆಳಗೆ ಸೇರಿತು, ಅದರ ನರದ ಬಡಿತದ ಜೊತೆ ನಾನೂ ಬಡಿದುಕೊಂಡೆ. ಶುಕ್ರವಾರ ಬೆಳಿಗ್ಗೆ ಟೈಗರ್ ಸತ್ತಿತು. ಬಾಯಿ ತುಂಬ ಜೊಲ್ಲು ಸುರಿಸಿಕೊಂಡು ಏನೋ ತಿಂದು ಸತ್ತಿತು ಎಂದು ಇಂದ್ರಮ್ಮ ಗೋಡೆಯ ಬಳಿ ನಿಂತು ಕಣ್ಣೊರೆಸಿಕೊಂಡರು. ಟೀಚರ್ ಪಾಪ ಎಂದರು.

ಅದೇ ಮಧ್ಯಾಹ್ನ ರಾಚಮ್ಮ ಬಂದಳು. ಶುಕ್ರವಾರದ ವ್ಯಾಪಾರ ಬಿಡಲಾಗದೆ ಕಾಲೆಳೆದುಕೊಂಡೇ ಬಂದಿದ್ದಳು. ಯಾಕೆ ಕುಂಟುತ್ತೀ ಎಂದು ಟೀಚರ್ ಕೇಳಿದರು. ಹಿಂದಿನ ಬೀದಿಯ ಅಮ್ಮನ ನಾಯಿ ಸೋಮವಾರ ಕಚ್ಚಿತೆಂದೂ, ಪುಣ್ಯಕ್ಕೆ ಅದಕ್ಕೆ ಬಿಲ್ಲೆಯಿತ್ತು, ಸೂಜಿಯ ಗೋಳು ತಪ್ಪಿತೆಂದೂ ರಾಚಮ್ಮ ಹೇಳಿದಳು. ಟೀಚರ ಕೈಯಲ್ಲಿದ್ದ ಮಲ್ಲಿಗೆಯ ಮೊಳ ಹಾಗೇ ನಿಂತಿತು. ಮುಖ ಬಿಳಿಚಿಕೊಂಡಿತು. ಹೂವಿನ ದುಡ್ಡು ಎಣಿಸಿ ಕೊಟ್ಟರು. ರಾಚಮ್ಮ ಮುಂದಿನ ಮನೆಗೆ ಹೋದಳು.

ಟೀಚರ್ ಕನ್ನಡಕ ಹಾಕಿಕೊಂಡು ಬೀರುವಿನಿಂದ ಪರವಾನಗಿಯ ಕಾಗದ ತೆಗೆದರು. ಅದರ ಹಿಂಬದಿಯನ್ನು ಮೊದಲ ಸಲ ಓದಿದರು. ಶುಂಠಿ ಅವರ ತೊಡೆಯ ಮೇಲೆ ತಲೆಯಿಟ್ಟಿತ್ತು, ಹಾಗಾಗಿ ನಾನೂ ಓದಿದೆ. ಬಿಲ್ಲೆಯನ್ನು ಬೇರೆ ನಾಯಿಗೆ ತೊಡಿಸಿದರೆ ಪರವಾನಗಿ ರದ್ದು, ದಂಡ, ನಾಯಿಯನ್ನು ಪಾಲಿಕೆ ವಶಪಡಿಸಿಕೊಳ್ಳಬಹುದು. ಟೀಚರ ಬೆರಳು ಶುಂಠಿಯ ಕಿವಿಯ ಹಿಂದೆ ಹೋಯಿತು, ಅಲ್ಲೇ ಉಳಿಯಿತು. ಇಡೀ ಸಂಜೆ ಅವರು ಹಾಗೇ ಕೂತಿದ್ದರು. ಟೈಗರ್ ಏನೋ ತಿಂದೇ ಸತ್ತಿರಬಹುದು ಎಂದು ಒಮ್ಮೆ ಗಟ್ಟಿಯಾಗಿ ಹೇಳಿದರು. ಶುಂಠಿ ಕಿವಿ ನಿಮಿರಿಸಿತು. ಅವರು ಮತ್ತೆ ಆ ಮಾತು ಆಡಲಿಲ್ಲ.

ಶನಿವಾರ ಹೊತ್ತು ಮೂಡುವಾಗಲೇ ಶುಂಠಿಯನ್ನು ಕಟ್ಟಿ ಹಿಡಿದುಕೊಂಡು ಮಾರುಕಟ್ಟೆಯ ಮೂಲೆಗೆ ಹೋದರು. ರಾಚಮ್ಮ ಮಾಲೆ ಕಟ್ಟುತ್ತಿದ್ದಳು. ಅಕ್ಕಪಕ್ಕದವರೆಲ್ಲ ಕೇಳುವಂತೆಯೇ ಟೀಚರ್ ಹೇಳಿದರು:

"ರಾಚಮ್ಮ, ನೀನು ನೋಡಿದ ಬಿಲ್ಲೆ ಈ ನಾಯಿದು. ನಾನೇ ಕೊಟ್ಟಿದ್ದು. ಆ ನಾಯಿಗೆ ಸೂಜಿ ಹಾಕ್ಸೇ ಇರ್ಲಿಲ್ಲ. ನಿನ್ನೆ ಅದು ಸತ್ತೋಯ್ತು. ಏಳು, ಆಸ್ಪತ್ರೆಗೆ ಹೋಗೋಣ."

ರಾಚಮ್ಮನ ಕೈಯಿಂದ ದಾರದ ಉಂಡೆ ಉರುಳಿ ಮೋರಿಯ ಕಡೆ ಹೋಯಿತು. ಅವಳು ಬೈಯಲಿಲ್ಲ. ಬುಟ್ಟಿಯನ್ನು ಪಕ್ಕದವಳ ಕಡೆ ಸರಿಸಿ ಎದ್ದಳು.

ಆಟೋ ಹಿಡಿದು ದೊಡ್ಡಾಸ್ಪತ್ರೆಗೆ ಹೋದರು. ಟೀಚರ್ ಶುಂಠಿಯನ್ನು ಹೊರಗೆ ಕಾಯುತ್ತಿದ್ದ ಆಟೋದವನ ಬಳಿ ಬಿಟ್ಟು, ನನ್ನನ್ನು ಬಿಚ್ಚಿ ಮುಷ್ಟಿಯಲ್ಲಿಟ್ಟುಕೊಂಡು ಒಳಗೆ ಹೋದರು. ಡಾಕ್ಟರು ಎಷ್ಟು ದಿನವಾಯಿತು ಎಂದು ಕೇಳಿದರು. ಐದು ಎಂದಾಗ ಅವರ ಪೆನ್ನು ನಿಂತಿತು. ಗಾಯವನ್ನು ಸೋಪು ಹಾಕಿ ಬಹಳ ಹೊತ್ತು ತೊಳೆಸಿದರು, ಗಾಯದ ಸುತ್ತ ಚುಚ್ಚಿದರು, ತೋಳಿಗೆ ಚುಚ್ಚಿದರು. ಒಂದು ದಿನವೂ ತಪ್ಪಿಸದೆ ಹೇಳಿದ ತಾರೀಖಿಗೆ ಬರಬೇಕೆಂದರು. ಬದುಕುತ್ತೇನಾ ಎಂದು ರಾಚಮ್ಮ ಕೇಳಿದಳು. ಬಂದದ್ದು ಒಳ್ಳೆಯದಾಯಿತು, ಮೊದಲ ದಿನವೇ ಬರಬೇಕಿತ್ತು ಎಂದಷ್ಟೇ ಅವರು ಹೇಳಿದರು. ನಾನು ಟೀಚರ ಮುಷ್ಟಿಯ ಬೆವರಿನಲ್ಲಿ ತೊಯ್ದುಹೋಗಿದ್ದೆ.

ಇಂದ್ರಮ್ಮನೂ ಜೊಲ್ಲು ಮುಟ್ಟಿದ್ದಕ್ಕೆ ಸೂಜಿ ಹಾಕಿಸಿಕೊಳ್ಳಬೇಕಾಯಿತು. ಊರಿಗೆಲ್ಲ ಹೇಳಿ ಮಾನ ತೆಗೆದರೆಂದು ಅವರು ಟೀಚರ ಜೊತೆ ಮಾತು ಬಿಟ್ಟರು. ಟೀಚರ್ ಆ ಶನಿವಾರವೇ ಪಾಲಿಕೆಗೆ ಹೋಗಿ ನನ್ನನ್ನು ಪಶುವೈದ್ಯಾಧಿಕಾರಿಯ ಮೇಜಿನ ಮೇಲಿಟ್ಟು ನಡೆದದ್ದನ್ನು ಬರೆದುಕೊಟ್ಟರು. ಸತ್ತ ನಾಯಿಯ ನೆರೆಮನೆಯದು ಎಂಬ ಕಾರಣಕ್ಕೆ ಶುಂಠಿಯನ್ನು ನಿಗಾದಲ್ಲಿಡಬೇಕೆಂದು ಗಾಡಿ ಬಂತು. ಬಲೆ ಬೇಡವೆಂದು ಟೀಚರೇ ಅದನ್ನು ಎತ್ತಿ ಒಳಗಿಟ್ಟರಂತೆ. ನಾನು ನೋಡಲಿಲ್ಲ. ನನ್ನನ್ನು ಒಂದು ಲಕೋಟೆಯಲ್ಲಿ ಹಾಕಿ ಕಡತಕ್ಕೆ ಹೊಲಿದಿದ್ದರು.

ಮೂರು ತಿಂಗಳ ಮೇಲೆ ಲಕೋಟೆ ತೆರೆಯಿತು. ವಿಚಾರಣೆಯ ದಿನ. ಶುಂಠಿಗೆ ಏನೂ ಆಗಿಲ್ಲವೆಂದೂ, ದಂಡ ಕಟ್ಟಿಸಿಕೊಂಡು ಬೇರೆ ನಂಬರು ಕೊಟ್ಟು ಬಿಟ್ಟಿದ್ದಾರೆಂದೂ ಅಲ್ಲಿಯ ಮಾತಿನಿಂದ ತಿಳಿಯಿತು. ನನಗೆ ಬೇಕಾಗಿದ್ದುದು ಇನ್ನೊಂದು ಸುದ್ದಿ. ಬಾಗಿಲಲ್ಲಿ ಮಲ್ಲಿಗೆಯ ವಾಸನೆ ಬಂತು. ರಾಚಮ್ಮ ನಡೆದು ಬಂದಳು, ಕುಂಟದೆ. ನನ್ನ ಮೈ ಹಗುರಾಯಿತು. ಆದರೆ ಅವಳ ಕಣ್ಣು ಬತ್ತಿತ್ತು. ನೀರು ಕುಡಿಯುವಾಗಲೆಲ್ಲ ಗಂಟಲು ಬಿಗಿಯಿತೇನೋ ಎಂದು ಪರೀಕ್ಷಿಸಿಕೊಳ್ಳುತ್ತಾಳೆಂದು ಟೀಚರ್ ಅಧಿಕಾರಿಗೆ ಹೇಳಿದರು. ವರ್ಷ ತುಂಬುವವರೆಗೂ ಆ ಭಯ ಹೋಗುವುದಿಲ್ಲವಂತೆ.

ಅಧಿಕಾರಿ ನನ್ನನ್ನು ರಾಚಮ್ಮನ ಅಂಗೈಗೆ ಹಾಕಿ, ಆ ದಿನ ನೋಡಿದ್ದು ಇದೇನಾ ಎಂದು ಕೇಳಿದರು. ಅವಳು ಮುದ್ರೆಯ ಮೇಲೆ ಹೆಬ್ಬೆರಳಾಡಿಸಿದಳು.

"ಇದೇ ಸ್ವಾಮಿ. ಕಾಲಲ್ಲಿ ರಕ್ತ ಸುರೀತಿತ್ತು. ಇದ್ನ ಮುಟ್ಟಿದ್ ಮೇಲೆ ನಾನು ಅಳೋದು ನಿಲ್ಲಿಸ್ಬುಟ್ಟೆ."

ಈಗ ನಾನು ದಾಖಲೆ ಕೋಣೆಯ ಕಪಾಟಿನಲ್ಲಿದ್ದೇನೆ. ನನ್ನ ವರ್ಷ ಮುಗಿದಿದೆ, ನಂಬರು ರದ್ದಾಗಿದೆ, ಹಿತ್ತಾಳೆ ಕಪ್ಪಾಗುತ್ತಿದೆ. ನನ್ನ ಮೇಲೆ ಬರೆದಿರುವುದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಆದರೂ ನಾನು ಸುಳ್ಳು ಸಾಕ್ಷಿ ಹೇಳಿದವನು. ರಾಚಮ್ಮ ನನ್ನನ್ನು ಬೈದಿದ್ದರೆ, ನೆಲಕ್ಕೆ ಬೀಸಿ ಒಗೆದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆನೇನೋ. ಅವಳು ನಂಬಿದ್ದಳು. ಅದನ್ನು ನೆನೆದರೆ ಈ ಕಪಾಟಿನಲ್ಲಿ, ಯಾವ ಹಲ್ಲೂ ತಲುಪದ ಜಾಗದಲ್ಲಿ, ನನಗೆ ಈಗಲೂ ನಡುಕ ಬರುತ್ತದೆ.