ಎರಡು ಸಲ ತಟ್ಟಿದರೆ

"ಈಗ ಎಡಮಗ್ಗಲು," ಎಂದರು ಪರೀಕ್ಷಕಿ ಹಮೀದುನ್ನಿಸಾ, ಕೈಯಲ್ಲಿದ್ದ ಅಂಕಪಟ್ಟಿಯ ರಟ್ಟಿನಿಂದ ಕಣ್ಣೆತ್ತದೆ.

ಶಿವಾನಿಯ ಬಲ ಮೊಣಕೈಯೊಳಗೆ ನೋವಿನ ಸೂಜಿಯೊಂದು ಎದ್ದು ಕುಳಿತಿತು. ಆ ಬೆಳಗ್ಗೆ ಬೀದರಿನ ಜೂಡೋ ಪರೀಕ್ಷೆಯ ಹಾಲ್‌ನಲ್ಲಿ ಅವಳು ಐದು ಸಲ ಬಿದ್ದು ಐದು ಸಲ ಎದ್ದಿದ್ದಳು. ಪ್ರತಿ ಪಟ್ಟೂ ಎರಡೂ ಮಗ್ಗಲಿಗೆ ನಡೆಯಬೇಕು. ಬಲಮಗ್ಗಲಿಗೆ ಎಸೆದರೆ ಮ್ಯಾಟಿಗೆ ಬಡಿಯಬೇಕಾದದ್ದು ಎಡಗೈ. ಎಡಮಗ್ಗಲಿಗೆ ಎಸೆದರೆ ಬಲಗೈ. ಕೈ ಬಡಿದು ಪೆಟ್ಟನ್ನು ಹಂಚಿಕೊಳ್ಳದಿದ್ದರೆ ಬೆನ್ನೆಲುಬೇ ಅದನ್ನು ಉಣ್ಣಬೇಕು. ಮೊದಲಿನ ಎರಡು ಪಟ್ಟುಗಳನ್ನು ಬಲಗೈ ಹೇಗೋ ಹಲ್ಲು ಕಚ್ಚಿ ತಾಳಿಕೊಂಡಿತ್ತು. ಮೂರನೆಯದು ಹಾಗಲ್ಲ. ಎದುರಾಳಿಯನ್ನು ಹೆಗಲ ಮೇಲೆ ಅಡ್ಡಲಾಗಿ ಹೊತ್ತು, ಅಷ್ಟೆತ್ತರದಿಂದ ಕೆಳಗೆ ಬಿಡುವ ಪಟ್ಟು ಅದು. ಜಪಾನಿ ಹೆಸರು ಕತಾಗುರುಮಾ. ಜೂಡೋ ಕಲಿಸಿದ ಮಡೆಪ್ಪ ಮಾಸ್ತರರ ಬಾಯಲ್ಲಿ ಮಾತ್ರ ಅದು 'ಕುರಿ ಹೊರೋ ಪಟ್ಟು'.

ಹೊರಬೇಕಾದವಳು, ಇಂದು ಪರೀಕ್ಷೆಗೆ ನಿಂತವಳು, ಮೇಘಾ. ಸಾಯಗಾಂವದ ಕುರುಬರ ಮನೆಯ ಹುಡುಗಿ. ಹತ್ತು ವರ್ಷದವಳಿದ್ದಾಗಲೇ ಕುಂಟು ಕುರಿಯನ್ನು ಹೆಗಲೇರಿಸಿಕೊಂಡು ಹಳ್ಳ ದಾಟಿದವಳು. ಇಂದು ಬ್ಲ್ಯಾಕ್ ಬೆಲ್ಟ್ ಸಿಕ್ಕರೆ ಔರಾದದ ವಸತಿಶಾಲೆಯೊಂದರಲ್ಲಿ ಅವಳಿಗೆ ಜೂಡೋ ಕಲಿಸುವ ಕೆಲಸ. ಸಿಗದಿದ್ದರೆ ಸೋಮವಾರ ಆ ಕೆಲಸ ಬೇರೆಯವರ ಪಾಲು.

ಹನ್ನೊಂದು ತಿಂಗಳ ಹಿಂದೆ ಆಯ್ಕೆಯ ಪಂದ್ಯದಲ್ಲಿ ಶಿವಾನಿಯ ಬಲಗೈಯನ್ನು ತೊಡೆಗಳ ನಡುವೆ ಸಿಕ್ಕಿಸಿ ಹಿಮ್ಮುಖವಾಗಿ ಎಳೆದವಳೂ ಇದೇ ಮೇಘಾ. ಶಿವಾನಿ ಎಡಗೈಯಿಂದ ಅವಳ ಮೊಣಕಾಲಿನ ಮೇಲೆ ಎರಡು ಸಲ ತಟ್ಟಿದ್ದಳು. ಸೋತೆ, ಬಿಡು ಎಂದು. "ತಟ್ಟಿದ್ರ ಬಿಡಬೇಕು. ಈ ಒಂದು ಕರಾರಿನ ಮ್ಯಾಲೇ ಈ ಆಟ ನಿಂತದ," ಎಂದು ಮಾಸ್ತರರು ಮೊದಲ ದಿನವೇ ಹೇಳಿಕೊಟ್ಟ ಮಾತು. ರೆಫರಿ ಆಚೆ ಬದಿಗಿದ್ದ. ಮೇಘಾ ಬಿಡಲಿಲ್ಲ. ಹಸಿ ಕಟ್ಟಿಗೆ ಮುರಿದಂತೆ ಸದ್ದಾಯಿತು. "ಗೊತ್ತಾಗ್ಲಿಲ್ರಿ," ಎಂದಳು ಮೇಘಾ, ಎಲ್ಲರೆದುರು. ಎಲುಬು ಕೂಡಿತು, ಆ ಮಾತು ಮಾತ್ರ ಮೀನಿನ ಮುಳ್ಳಿನಂತೆ ಗಂಟಲಲ್ಲೇ ಉಳಿಯಿತು.

ಹೋದ ವಾರ ಮಡೆಪ್ಪ ಮಾಸ್ತರರು ಶಿವಾನಿ ಕೆಲಸ ಮಾಡುವ ಭಾಲ್ಕಿಯ ಅರಿವೆ ಅಂಗಡಿಗೆ ಬಂದಿದ್ದರು. ಅವಳು ಎಡಗೈಯಿಂದ ಬಟ್ಟೆಯ ಥಾನು ಬಿಚ್ಚುತ್ತಿದ್ದಳು.

"ಪರೀಕ್ಷಾದಾಗ ಮೇಘಾನ ಜೋಡಿ ಇರಬೇಕಾದ ರಾಧಿಕಾಗ ಕಾಮಣಿ ಬ್ಯಾನಿ ಆಗ್ಯಾದ ತಂಗಿ. ಕತಾಕ್ಕ ಜೋಡಿ ಬೇಕು. ಮೇಘಾನ ತೂಕಕ್ಕ, ಎತ್ತರಕ್ಕ ಇಡೀ ಜಿಲ್ಲಾದಾಗ ನೀ ಒಬ್ಬಾಕಿನೇ."

"ಕೈ ಮುರದಾಕೀಗೇ ಮತ್ತ ಕೈ ಕೊಡ್ಲೇನ್ರಿ ಮಾಸ್ತರ್?"

"ಕೈ ಬ್ಯಾಡ. ಬಿದ್ದು ಕೊಡು."

ಅವಳು ಒಪ್ಪಿದಳು. ಕರುಣೆಯಿಂದಲ್ಲ. ಕತಾ ಎಂದರೆ ಗೆಲ್ಲುವ ಆಟವಲ್ಲ. ಯಾರು ಎಸೆಯಬೇಕು, ಯಾರು ಬೀಳಬೇಕು ಎಂಬುದು ಮೊದಲೇ ನಿಶ್ಚಯವಾದ ಜೋಡಿವಿದ್ಯೆ. ಅಲ್ಲಿ ಎಸೆಯುವವಳ ಮಾನ ಬೀಳುವವಳ ಮೈಯಲ್ಲಿರುತ್ತದೆ. ಹೆಗಲ ಮೇಲೆ ಒಂದು ಕ್ಷಣ ಮೈ ಸೆಟೆದು ಕೊರಡಾದರೆ ಸಾಕು, ಹೊತ್ತವಳ ಮೊಣಕಾಲು ಕುಸಿಯುತ್ತದೆ. ಆ ಕ್ಷಣವನ್ನು ಶಿವಾನಿ ಈ ಪಟ್ಟಿನ ಎಡಮಗ್ಗಲಿಗೆಂದೇ ಎತ್ತಿಟ್ಟುಕೊಂಡಿದ್ದಳು.

ಬೆಳಗ್ಗೆ ಬೆಲ್ಟು ಬಿಗಿಯುವಾಗ ಮೇಘಾ ಹತ್ತಿರ ಬಂದು ನಿಂತಿದ್ದಳು.

"ಕುರಿ ಹೊರೋ ಪಟ್ಟು ಎಡಮಗ್ಗಲಿಗೆ ಮಾಡದ ಬಿಟ್ಟುಬಿಡ್ಲೇನು? ಮಾರ್ಕ್ಸ್ ಹೋದ್ರ ಹೋಗ್ಲಿ."

"ನನ್ನ ಫಿಕರ್ ಇವತ್ತ್ಯಾಕ ಬಂತು?"

"ಖರೇನೇ ಗೊತ್ತಾಗ್ಲಿಲ್ಲ, ಶಿವಾನಿ."

"ಕುರಿ ಮೈಮ್ಯಾಲ ನೊಣ ಕುಂತ್ರ ಗೊತ್ತಾಗ್ತದ ನಿನಗ. ನಾ ತಟ್ಟಿದ್ದು ಗೊತ್ತಾಗ್ಲಿಲ್ಲ!"

ಈಗ ಇಬ್ಬರೂ ಎದುರುಬದುರು ನಿಂತರು. ಶಿವಾನಿ ಹೆಜ್ಜೆ ಮುಂದಿಟ್ಟಳು. ಮೇಘಾ ಅವಳ ಎಡತೋಳು ಹಿಡಿದು ಹಿಂದೆ ಸರಿದಳು. ಒಂದು, ಎರಡು, ಮೂರನೆಯ ಹೆಜ್ಜೆಗೆ ತಗ್ಗಿ ತೊಡೆಯ ನಡುವೆ ಕೈಹಾಕಿದಳು. ನೆಲ ಕಾಲು ಬಿಟ್ಟಿತು. ಶಿವಾನಿಯ ಹೊಟ್ಟೆ ಮೇಘಾಳ ಕುತ್ತಿಗೆಯ ಮೇಲೆ ಅಡ್ಡ ಬಿತ್ತು. ಬಲಗೈ ಅವಳ ಬೆನ್ನಿಗೆ ಊರಿತು. ಬೆವರಿನಿಂದ ತೊಯ್ದ ಅಂಗಿಯ ಕೆಳಗೆ ಆ ಬೆನ್ನು ನಡುಗುತ್ತಿತ್ತು. ಭಾರಕ್ಕಲ್ಲ, ಇದಕ್ಕಿಂತ ಭಾರದವರನ್ನು ಆ ಬೆನ್ನು ಹೊತ್ತದ್ದುಂಟು.

ಇದೇ ಆ ಕ್ಷಣ. ಶಿವಾನಿಯ ಸೊಂಟ ಬಿಗಿಯಿತು. ಮೇಘಾಳ ಪಾದ ಅರೆಗೇಣು ಜಾರಿತು.

ಆದರೆ ಶಿವಾನಿಯ ಬಲಗೈ, ಒಡತಿಯನ್ನು ಕೇಳದೆಯೇ, ಆ ಬೆನ್ನಿನ ಮೇಲೆ ಎರಡು ಸಲ ಆಡಿತು. ತಟ್ಟಿತೆನ್ನುವಂತೆಯೂ ಇಲ್ಲ, ಬೆರಳ ತುದಿ ಮುಟ್ಟಿತು, ಅಷ್ಟೇ.

ಮೇಘಾ ಕಲ್ಲಾದಳು. ಮರುಗಳಿಗೆಯೇ ಮೊಣಕಾಲೂರಿ, ಗಾಯದ ಕುರಿಯನ್ನು ಇಳಿಸುವ ಹಾಗೆ, ಶಿವಾನಿಯನ್ನು ಮೆಲ್ಲನೆ ಮ್ಯಾಟಿನ ಮೇಲೆ ಇಳಿಸಿದಳು.

ಹಮೀದುನ್ನಿಸಾರ ಪೆನ್ನು ನಿಂತಿತು. "ಯಾಕಮ್ಮಾ? ಎಸೀಲಿಲ್ಲ ಯಾಕ?"

"ತಟ್ಟಿದ್ಳ್ರಿ ಮೇಡಂ."

"ನನಗ ಕಾಣಲಿಲ್ಲ. ಕತಾದಾಗ ತಟ್ಟೋದು ಎಲ್ಲಿ ಅದ?" ಅವರು ಶಿವಾನಿಯತ್ತ ತಿರುಗಿದರು. "ನೀ ತಟ್ಟಿದ್ಯೇನು?"

ಗೋಡೆಗೊರಗಿದ್ದ ಮಡೆಪ್ಪ ಮಾಸ್ತರರು ನೆಟ್ಟಗಾದರು. 'ಇಲ್ಲ' ಎಂಬ ಎರಡಕ್ಷರ ಶಿವಾನಿಯ ನಾಲಗೆಯ ತುದಿಗೆ ಬಂದು ಕೂತಿತು. ಅವಳು ಮೊಣಕೈ ಹಿಡಿದುಕೊಂಡು ಮೇಘಾಳನ್ನು ನೋಡಿದಳು. ಮೇಘಾ ಪರೀಕ್ಷಕಿಯನ್ನು ನೋಡುತ್ತಿರಲಿಲ್ಲ.

"ಆವತ್ತೂ ಗೊತ್ತಾಗಿತ್ತು," ಎಂದಳು ಮೇಘಾ. ದನಿ ಇಬ್ಬರ ನಡುವಿನ ಅಂತರವನ್ನಷ್ಟೇ ದಾಟಿತು. "ಇನ್ನೊಂದೇ ಗಳಿಗಿ, ನಾ ಗೆದ್ದದ್ದು ರೆಫರಿ ನೋಡ್ಲಿ ಅಂತ ಹಿಡಕೊಂಡೆ."

"ಏನಂತೀರಿ ಇಬ್ಬರೂ? ಜರಾ ಜೋರಾಗಿ ಹೇಳ್ರಿ!" ಎಂದರು ಹಮೀದುನ್ನಿಸಾ.

ಶಿವಾನಿ ಎದ್ದಳು. ಸಡಿಲಾಗಿದ್ದ ಬೆಲ್ಟನ್ನು ಬಿಚ್ಚಿ, ಅವಸರವಿಲ್ಲದೆ ಮತ್ತೆ ಗಂಟು ಹಾಕಿದಳು.

"ತಟ್ಟಿದ್ದು ಖರೇ ಅದರಿ ಮೇಡಂ," ಎಂದಳು. "ತಪ್ಪು ನಂದು. ಮತ್ತೊಮ್ಮೆ ಮಾಡ್ತೇವ್ರಿ."

"ಒಂದೇ ಸಲ. ಮಾರ್ಕ್ಸ್ ಅಂತೂ ಕಡಿತೇನಿ. ಆಮ್ಯಾಲ ತಟ್ಟೋದು ಗಿಟ್ಟೋದು ನಡೆಯಂಗಿಲ್ಲ."

"ತಟ್ಟಂಗಿಲ್ರಿ."

ಮೇಘಾ ತುಟಿ ಅಲುಗಿಸಿದಳು: "ಬ್ಯಾಡ, ಶಿವಾನಿ. ಕೈ..."

"ಹೊರು," ಎಂದಳು ಶಿವಾನಿ.

ಒಂದು, ಎರಡು, ಮೂರು. ನೆಲ ಮತ್ತೆ ಕಾಲು ಬಿಟ್ಟಿತು. ಈ ಸಲ ಅವಳ ಮೈ ಹಸಿ ಅರಿವೆಯಂತೆ ಆ ಹೆಗಲಿಗೆ ಒಗ್ಗಿಕೊಂಡಿತು. ಮೊಣಕೈಯಲ್ಲಿ ಸೂಜಿ ಇದ್ದಲ್ಲೇ ಇತ್ತು. ಮೇಘಾ ಉಸಿರು ಕಟ್ಟಿ ನೆಟ್ಟಗೆ ನಿಂತಳು. ಹಾಲ್‌ನ ಕಿಟಕಿಗಳೆಲ್ಲ ಒಮ್ಮೆ ಓರೆಯಾಗಿ, ತಲೆಕೆಳಗಾದವು.

ಕೆಳಗೆ ಹಸಿರು ಮ್ಯಾಟು ಏರಿ ಬರುತ್ತಿತ್ತು. ಶಿವಾನಿ ಬಲ ಅಂಗೈಯನ್ನು ಪೂರ್ತಿ ಬಿಚ್ಚಿದಳು.